ಮ್ಯಾಚಿನ ಕೆಳಗಿನ ಹಾಡು

ಮಾವನ ತಮ್ಮ ಚಿಕ್ಕಮಾವ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವರ ಕಸುಬು. ಔಷಧಿ ಅಂಗಡಿಯೊಂದರ ಹೆಸರಿಗೆ ಬಣ್ಣ ತುಂಬುತ್ತಿದ್ದಾಗ ಏಣಿ ಜಾರಿತ್ತಂತೆ. ಮದುವೆಯಿಲ್ಲ, ಮಕ್ಕಳಿಲ್ಲ. ಲಿಫ್ಟಿಲ್ಲದ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಅಷ್ಟೇ ಅವರ ಸಂಸಾರ.

"ಆಸ್ಪತ್ರೆಯಿಂದ ನೇರ ಇಲ್ಲಿಗೇ ಬರಲಿ," ಎಂದರು ಅತ್ತೆ, ಬಟಾಣಿ ಬಡಿಸುತ್ತಾ. "ಚಿಕ್ಕ ಕೋಣೆ ಖಾಲಿ ಮಾಡಿದ್ರಾಯ್ತು."

ಮಾವ ತಟ್ಟೆಯಿಂದ ತಲೆಯೆತ್ತಲಿಲ್ಲ. "ಇಲ್ಲಿಗೆ ಬಂದು ಇನ್ನೇನು ಅಳಿಸಬೇಕಂತೆ ಅವನಿಗೆ?"

"ಶುರುವಾಯ್ತು," ಎಂದ ಸೊಸೆಯ ಗಂಡ.

"ಮ್ಯಾಚ್ ತಾತ ಬರ್ತಾರಾ? ನಮ್ಮನೇಲೇ ಇರ್ತಾರಾ?" ಚಿನ್ನಿ ಚಮಚ ಬಿಟ್ಟು ಎದ್ದು ನಿಂತಳು.

ಸೊಸೆ ಮಗಳನ್ನು ಕೂರಿಸಿದಳು. ಈ ಮನೆಗೆ ಮದುವೆಯಾಗಿ ಬಂದ ದಿನದಿಂದ ಅವಳು ಆ ಅಡ್ಡಹೆಸರನ್ನು ಕೇಳುತ್ತಿದ್ದಳು. ಅದರ ಹಿಂದಿನ ಕಥೆಯನ್ನೂ ಮಾವನ ಬಾಯಲ್ಲೇ ಎಷ್ಟೋ ಸಲ ಕೇಳಿದ್ದಳು. ಮಾವ ಬಿಸ್ಕತ್ತು ಕಾರ್ಖಾನೆಯಲ್ಲಿದ್ದಾಗ ಒಮ್ಮೆ ಅಲ್ಲಿನ ವಾರ್ಷಿಕೋತ್ಸವದಲ್ಲಿ ಹಾಡಿದ್ದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಕಾರ್ಖಾನೆಯವರೇ ಅದನ್ನು ವಿಡಿಯೋ ಮಾಡಿಸಿ ಒಂದು ಕ್ಯಾಸೆಟ್ ಕೊಟ್ಟಿದ್ದರು. ನೆಂಟರನ್ನೆಲ್ಲ ಕರೆದು ಕೂರಿಸಿ ಹಾಕಿದರೆ, ಮಾವ ವೇದಿಕೆ ಹತ್ತುತ್ತಿದ್ದಂತೆಯೇ ಚಿತ್ರ ಕತ್ತರಿಸಿ ಫುಟ್‌ಬಾಲ್ ಮ್ಯಾಚು ಶುರು! ಫುಟ್‌ಬಾಲ್ ಹುಚ್ಚಿನ ತಮ್ಮ ಅದರ ಮೇಲೆಯೇ ಮ್ಯಾಚು ರೆಕಾರ್ಡ್ ಮಾಡಿಬಿಟ್ಟಿದ್ದ. ಅಂದಿನಿಂದ ಯಾವ ಮನೆಯಲ್ಲಿ ನಾಲ್ಕು ಜನ ಸೇರಿದರೂ "ರಿಮೋಟ್ ಅವನ ಕೈಗೆ ಕೊಡಬೇಡ್ರಪ್ಪಾ" ಎಂದು ಮಾವ ಹೇಳಬೇಕು, ಎಲ್ಲರೂ ನಗಬೇಕು. "ನಾನಲ್ಲ ಅಣ್ಣ" ಎಂದು ಚಿಕ್ಕಮಾವನೂ ಮೊದಮೊದಲು ನಗುತ್ತಲೇ ಹೇಳುತ್ತಿದ್ದರಂತೆ. ಈಚೀಚೆಗೆ ಅವರು ಬರುವುದೇ ಅಪರೂಪವಾಗಿತ್ತು. ಬಂದರೂ ಊಟಕ್ಕೆ ನಿಲ್ಲುತ್ತಿರಲಿಲ್ಲ.

ಮಾವ ಬೇಡ ಎನ್ನಲಿಲ್ಲ, ಸರಿ ಎಂದೂ ಹೇಳಲಿಲ್ಲ. ಅತ್ತೆ ಮಾತ್ರ ಮರುದಿನವೇ ಸೆರಗು ಸಿಕ್ಕಿಸಿ ಚಿಕ್ಕ ಕೋಣೆಗೆ ನುಗ್ಗಿದರು. ಮುರಿದ ಫ್ಯಾನು, ಚಿನ್ನಿಯ ತೊಟ್ಟಿಲು, ಹಳೆಯ ಪರದೆ ಎಲ್ಲ ಹೊರಬಂತು. ಕೊನೆಗೊಂದು ರಟ್ಟಿನ ಪೆಟ್ಟಿಗೆಯ ತುಂಬ ವಿಡಿಯೋ ಕ್ಯಾಸೆಟ್ಟುಗಳು, ಅವುಗಳ ಮೇಲೆ ಕಪ್ಪು ಇಟ್ಟಿಗೆಯಂಥ ವಿಸಿಆರ್.

"ಇದನ್ನೆಲ್ಲ ಗುಜರಿಗೆ ಹಾಕಿ," ಎಂದರು ಅತ್ತೆ.

"ಬೇಡ ಅತ್ತೆ, ನನಗೆ ಕೊಡಿ. ಕಂಪ್ಯೂಟರಿಗೆ ಹಾಕ್ಕೋತೀನಿ. ಆಮೇಲೆ ಬೇಕಾದ್ರೆ ಎಸೆಯೋಣ," ಎಂದಳು ಸೊಸೆ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಚಿಕ್ಕ ವಸ್ತು ಕಂಡರೆ ಬೆಳಕಿಗೆ ಹಿಡಿದು ತಿರುಗಿಸಿ ನೋಡದೆ ಬಿಡುವ ಪೈಕಿಯಲ್ಲ. ತಾನು ಬರುವ ಮೊದಲು ಈ ಮನೆ ಹೇಗಿತ್ತು ಎಂಬುದು ಆ ಪೆಟ್ಟಿಗೆಯಲ್ಲಿದೆ ಎಂದಾಗ ಕೈ ಸುಮ್ಮನಿರುವುದು ಸಾಧ್ಯವೇ ಇರಲಿಲ್ಲ.

ಗಂಡ ಲಿಫ್ಟ್ ಮೆಕ್ಯಾನಿಕ್. ಎರಡು ಸಂಜೆ ವಿಸಿಆರಿನ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತು, ಸಡಿಲಾದ ರಬ್ಬರ್ ಪಟ್ಟಿ ಬದಲಿಸಿದ. ಸೊಸೆ ಹತ್ತಿಗೆ ಸ್ಪಿರಿಟ್ ಅದ್ದಿ ಒಳಗಿನ ಧೂಳು ಒರೆಸಿದಳು. ಪೇಟೆಯಿಂದ ತಂದ ಬೆರಳುದ್ದದ ಸಾಧನಕ್ಕೆ ಹಳದಿ, ಬಿಳಿ, ಕೆಂಪು ವೈರುಗಳನ್ನು ಸಿಕ್ಕಿಸಿ ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿದ್ದಾಯಿತು. ಮೊದಲ ಕ್ಯಾಸೆಟ್ಟು ಗರಗರ ಎಂದು ಒಳಗೆ ಹೋಯಿತು. ಪರದೆಯ ಮೇಲೆ ಒಂದಿಷ್ಟು ಬಿಳಿ ಗೆರೆಗಳು ಕುಣಿದವು. ಆಮೇಲೆ ಒಬ್ಬ ಚಡ್ಡಿ ಹುಡುಗ ಸೋಪಿನ ನೊರೆ ಹಚ್ಚಿಕೊಂಡು ಅಳುತ್ತಾ ಓಡಿದ.

"ಅಪ್ಪಾ! ಇದು ನೀನಾ?" ಚಿನ್ನಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮುಂದಕ್ಕೆ ಓಡಿಸು, ಮುಂದಕ್ಕೆ ಓಡಿಸು," ಎಂದ ಗಂಡ.

"ಓಡ್ಸೋ ಹಾಗಿಲ್ಲ ಕಣ್ರೀ. ಟೇಪು ಎಷ್ಟು ಹೊತ್ತಿದ್ಯೋ ಅಷ್ಟು ಹೊತ್ತೂ ಓಡಬೇಕು, ಆಗಲೇ ಕಂಪ್ಯೂಟರಿಗೆ ಬರೋದು."

ಮನೆಯಲ್ಲಿ ತಂಟೆ ಶುರುವಾದದ್ದು ಇದರಿಂದಲೇ. ಇಡೀ ಸಾಮಾನು ಊಟದ ಮೇಜಿನ ಮೇಲಿತ್ತು. ಅಲುಗಿಸುವಂತಿಲ್ಲ, ಪಕ್ಕದ ಪ್ಲಗ್ಗಿನಲ್ಲಿ ಕೆಟಲ್ ಹಾಕುವಂತಿಲ್ಲ.

"ಊಟ ಎಲ್ಲಿ ಮಾಡೋದು? ತೊಡೆ ಮೇಲಾ?" ಎಂದರು ಅತ್ತೆ.

"ಸ್ವಲ್ಪ ದಿನ ಅತ್ತೆ."

ಹಾಗಾಗಿ ಕೆಲವು ವಾರ ಆ ಮನೆಯವರು ಸೂಪಿನ ಬಟ್ಟಲು ಹಿಡಿದುಕೊಂಡು ಮಂಚದ ಅಂಚಿನಲ್ಲಿ, ಮೆಟ್ಟಿಲ ಮೇಲೆ, ಕಿಟಕಿಯ ಕಟ್ಟೆಯಲ್ಲಿ ಕೂತು ಉಂಡರು. ಬೈಯುತ್ತಲೇ ಎಲ್ಲರೂ ಪರದೆ ಕಾಣುವ ಜಾಗವನ್ನೇ ಆರಿಸಿಕೊಳ್ಳುತ್ತಿದ್ದರು ಎಂಬುದನ್ನು ಸೊಸೆ ಗಮನಿಸಿದ್ದಳು. ಅತ್ತೆ ನರ್ಸಿನ ಬಿಳಿ ಸಮವಸ್ತ್ರದಲ್ಲಿ ಸೈಕಲ್ ಕಲಿಯುತ್ತಿರುವುದು ಒಂದರಲ್ಲಿತ್ತು. ಮಾವ ಮೀಸೆ ಬೋಳಿಸಿಕೊಂಡು ಬಂದಾಗ ಮಗ ಗುರುತು ಸಿಗದೆ ಬಾಗಿಲು ಹಾಕಿಕೊಂಡದ್ದು ಇನ್ನೊಂದರಲ್ಲಿ.

ಪೆಟ್ಟಿಗೆಯ ತಳದಲ್ಲಿ 'ವಾರ್ಷಿಕೋತ್ಸವ' ಎಂದು ಬರೆದ ಕ್ಯಾಸೆಟ್ಟು ಸಿಕ್ಕಿತು.

"ಅದನ್ನ ಬಿಡಮ್ಮ," ಎಂದರು ಮಾವ. "ಅದರಲ್ಲಿರೋದು ನಿನ್ನ ಚಿಕ್ಕಮಾವನ ಮ್ಯಾಚು."

"ಎಸೆದುಬಿಡು ಅದನ್ನ," ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದರು. ಅಷ್ಟು ಬೇಗ ಉತ್ತರ ಬಂದದ್ದು ಸೊಸೆಗೆ ವಿಚಿತ್ರವೆನಿಸಿತು. ಎಸೆಯಲಿಲ್ಲ. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

ಕ್ಯಾಸೆಟ್ಟಿನ ಬೆನ್ನಿನ ಒಂದು ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದನ್ನು ಮುರಿದರೆ ಯಂತ್ರ ಆ ಕ್ಯಾಸೆಟ್ಟಿನ ಮೇಲೆ ಬೇರೇನನ್ನೂ ರೆಕಾರ್ಡ್ ಮಾಡಲೊಪ್ಪುವುದಿಲ್ಲ. ಇದರ ಹಲ್ಲನ್ನು ಕಾರ್ಖಾನೆಯವರು ಮುರಿದೇ ಕೊಟ್ಟಿದ್ದರು. ಆದರೆ ಆ ತೂತಿನ ಮೇಲೆ ಯಾರೋ ಪ್ಲಾಸ್ಟರ್ ಅಂಟಿಸಿ ಯಂತ್ರಕ್ಕೆ ಮಂಕುಬೂದಿ ಎರಚಿದ್ದರು. ಅಂದರೆ ಇದು ಕೈತಪ್ಪಿ ಆದದ್ದಲ್ಲ. ಬೇಕೆಂದೇ, ಯೋಚಿಸಿಯೇ ಮಾಡಿದ್ದು. ಅದೂ ಗಾಯಕ್ಕೆ ಹಾಕುವ ಪ್ಲಾಸ್ಟರ್. ಬಣ್ಣ ಮಾಸಿ ಟೀ ಕಲೆಯಂತಾಗಿತ್ತು. ಅದರ ತುದಿಯನ್ನು ಒಳಕ್ಕೆ ಒಂದು ಮಡಿಕೆ ಮಡಿಸಲಾಗಿತ್ತು, ಮುಂದೆ ಕೀಳುವಾಗ ಉಗುರು ಹಾಕಿ ಕೆರೆಯುವುದು ಬೇಡವೆಂದು.

ಹಾಗೆ ಮಡಿಸುವವರು ಆ ಮನೆಯಲ್ಲಿ ಒಬ್ಬರೇ. ಚಿನ್ನಿಯ ಮಂಡಿಗೆ ಪ್ಲಾಸ್ಟರ್ ಹಾಕುವಾಗ, ಬಿಸ್ಕತ್ತಿನ ಪೊಟ್ಟಣದ ಬಾಯಿಗೆ ಟೇಪು ಅಂಟಿಸುವಾಗ ಅತ್ತೆ ಎಂದೂ ತಪ್ಪದೆ ತುದಿ ಮಡಿಸುತ್ತಿದ್ದರು.

ಸೊಸೆ ಕ್ಯಾಸೆಟ್ಟನ್ನು ಎತ್ತಿಟ್ಟುಕೊಂಡಳು. ರಜೆಯ ದಿನ ಅತ್ತೆ, ಮಾವ ಇಬ್ಬರೂ ಆಸ್ಪತ್ರೆಗೆ ಹೋಗಿದ್ದಾಗ ಕ್ಯಾಸೆಟ್ಟನ್ನು ಒಳಗೆ ತಳ್ಳಿ, ಪಕ್ಕದಲ್ಲಿ ಇಸ್ತ್ರಿ ಮಾಡುತ್ತಾ ನಿಂತಳು. ಭಾಷಣ, ಬಹುಮಾನ, ಮತ್ತೆ ಭಾಷಣ. ದಟ್ಟ ಕೂದಲಿನ ಮಾವ ವೇದಿಕೆ ಹತ್ತಿದರು. ಸರಕ್ಕನೆ ಹಸಿರು ಮೈದಾನ ಬಂತು.

"ಯಾರು ಗೆಲ್ತಾರಮ್ಮ?" ಎಂದಳು ಚಿನ್ನಿ.

"ನನಗೇನು ಗೊತ್ತು? ನೋಡು."

ಇಷ್ಟು ವರ್ಷ ಯಾರೂ ಈ ಮ್ಯಾಚನ್ನು ಕೊನೆತನಕ ನೋಡಿರಲಿಲ್ಲ. ಅಂದು ಮಾವ ಸಿಟ್ಟಿನಲ್ಲಿ ಕಿತ್ತು ಎಸೆದದ್ದು ಹಾಗೇ ಪೆಟ್ಟಿಗೆ ಸೇರಿತ್ತು. ಅದು ಆಟದ ಕೊನೆಯ ಕೆಲವೇ ನಿಮಿಷ. ಎರಡು ಅಂಗಿ ಮುಗಿಯುವಷ್ಟರಲ್ಲಿ ಸೀಟಿ ಊದಿ ಮ್ಯಾಚು ಮುಗಿಯಿತು. ಸೋಪಿನ ಜಾಹೀರಾತೊಂದು ಆರಂಭವಾಯಿತು, ಪರದೆ ಹರಿದಂತೆ ನಡುಗಿತು, ಮತ್ತೆ ಕಾರ್ಖಾನೆಯ ಸಭಾಂಗಣ ಕಾಣಿಸಿತು.

ಸೊಸೆ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

ಮೈಕಿನ ಮುಂದೆ ಇಬ್ಬರಿದ್ದರು. ಒಬ್ಬರು ಮಾವ, ಇನ್ನೊಬ್ಬರು ತೋಳಿಗೆ ಬಣ್ಣ ಮೆತ್ತಿದ ಅಂಗಿಯ ತೆಳ್ಳನೆಯ ಯುವಕ. ಯುವಕ ಪ್ರತಿ ಸಾಲನ್ನೂ ಮೊದಲು ಮಾವನ ಕಿವಿಯಲ್ಲಿ ಉಸುರುತ್ತಿದ್ದ. ಆಮೇಲೆ ಇಬ್ಬರೂ ಸೇರಿ ಹಾಡುತ್ತಿದ್ದರು. ಮಾವನ ದನಿ ಹೆದರುತ್ತಾ ಹೆದರುತ್ತಾ ಏರಿ ಕೊನೆಗೆ ತುಂಬಿ ಬಂತು. ಸಭೆ ಎದ್ದು ನಿಂತಿತು. ಮಾವ ಯುವಕನ ಹೆಗಲು ಹಿಡಿದು ಮೈಕಿನ ಮುಂದಕ್ಕೆ ಎಳೆದರು.

"ಇವನು ನನ್ನ ತಮ್ಮ. ಇವನು ಬರದಿದ್ರೆ ನಾನು ಇಲ್ಲೇ ಕಂಬ ಆಗಿ ನಿಂತಿರ್ತಿದ್ದೆ. ಚಪ್ಪಾಳೆ ನನಗಲ್ಲ, ಇವನಿಗೆ ತಟ್ಟಿ."

"ಅಮ್ಮಾ, ಇದು ಮ್ಯಾಚ್ ತಾತ!" ಎಂದಳು ಚಿನ್ನಿ.

ಸಂಜೆ ಅತ್ತೆ ಆಲೂಗಡ್ಡೆ ಹೆಚ್ಚುತ್ತಿದ್ದಾಗ ಸೊಸೆ ಲ್ಯಾಪ್‌ಟಾಪನ್ನು ಅಡುಗೆಮನೆಗೇ ತಂದು ಇಟ್ಟಳು. "ಅತ್ತೆ, ಟೇಪು ಪೂರ್ತಿ ಅಳಿಸಿಲ್ಲ. ಕೊನೇಲಿ ಸ್ವಲ್ಪ ಉಳ್ಕೊಂಡಿದೆ."

ಚಾಕು ನಿಂತಿತು. "ಏನು ಉಳಿದಿದೆ?"

"ನೋಡಿ."

ನೋಡಿದ ಮೇಲೆ ಅತ್ತೆ ಚಾಕುವನ್ನು ಪಕ್ಕಕ್ಕಿಟ್ಟರು. ಮಡಿಸಿದ ಪ್ಲಾಸ್ಟರಿನ ಮಾತನ್ನು ಸೊಸೆ ಎತ್ತಬೇಕಾಗಲೇ ಇಲ್ಲ.

"ನಾನೇ ಅಂಟಿಸಿದ್ದು," ಎಂದರು ಅವರೇ. "ಆವತ್ತು ಮಗೂಗೆ ಜ್ವರ, ನಾನು ಕಾರ್ಖಾನೆಗೆ ಹೋಗಿರಲಿಲ್ಲ. ಇವರು ಬಂದವರೇ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ರು. ಹಾಡಿನ ಮಾತು ಮರೆತುಹೋಯ್ತು, ಎಲ್ಲರ ಮುಂದೆ ಬಾಯಿ ತೆರ್ಕೊಂಡು ನಿಂತೆ ಅಂದ್ರು. ಅಷ್ಟೇ ಹೇಳಿದ್ದು. ನೆಂಟರೆಲ್ಲ ಕ್ಯಾಸೆಟ್ ನೋಡೋಕೆ ಬರ್ತೀವಿ ಅಂತ ಕುಣೀತಿದ್ರು. ಹಿಂದಿನ ದಿನ ಕ್ಯಾಸೆಟ್ಟನ್ನ ಇವರು ವೇದಿಕೆ ಹತ್ತೋ ಕಡೆ ನಿಲ್ಲಿಸಿದೆ. ಟಿವೀಲಿ ಏನೋ ಬರ್ತಿತ್ತು, ಬಟನ್ ಒತ್ತಿಬಿಟ್ಟೆ. ತಮ್ಮ ಬಂದು ಹಾಡಿಸಿದ್ದು ನನಗೆ ಯಾರೂ ಹೇಳ್ಲಿಲ್ಲ ನೋಡು."

"ಚಿಕ್ಕಮಾವನ ಮೇಲೆ ಬಂದಾಗ ನೀವು..."

"ನಾನೇ ಅಳಿಸಿದ್ದು ಅಂತ ಹೇಳಿದ್ರೆ, ಯಾಕೆ ಅಳಿಸಿದೆ ಅಂತ ಕೇಳ್ತಿದ್ರಲ್ಲ. ತಮಾಷೆ ತಾನೇ, ನಾಲ್ಕು ದಿನ ನಕ್ಕು ಮರೀತಾರೆ ಅಂದ್ಕೊಂಡೆ. ಇವರು ಮರೆಯೋಕೆ ಬಿಟ್ರೆ ತಾನೇ?"

ಮಾವನಿಗೆ ತೋರಿಸುವುದು ಅತ್ತೆಯದೇ ತೀರ್ಮಾನ. "ಮ್ಯಾಚ್ ನೋಡೋಕೆ ನನಗೆ ಪುರುಸೊತ್ತಿಲ್ಲ," ಎಂದು ಗೊಣಗುತ್ತಲೇ ಮಾವ ಕೂತರು. ಹಾಡು ಶುರುವಾದದ್ದೇ ಅವರ ಕೈ ಕುರ್ಚಿಯ ತೋಳನ್ನು ಹಿಡಿಯಿತು. ಮುಗಿದ ಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"ಇನ್ನೊಂದ್ಸಲ ಹಾಕಮ್ಮ."

ಇನ್ನೊಂದು ಸಲ ನೋಡಿ, ಎದ್ದುಹೋಗಿ ಚಿಕ್ಕ ಕೋಣೆಯಲ್ಲಿ ಉಳಿದಿದ್ದ ಸಾಮಾನನ್ನು ತಾವೇ ಹೊರಗಿಡತೊಡಗಿದರು.

ಊಟವಾದ ಮೇಲೆ ಸೊಸೆ ಬಟ್ಟಲು ಒರೆಸುತ್ತಿದ್ದಳು. ಅತ್ತೆಯ ಪಕ್ಕ ಬಂದು ನಿಂತ ಮಾವ ಅವಳಿರುವುದನ್ನೂ ಲೆಕ್ಕಿಸದೆ ಹೇಳಿದರು. "ಪ್ಲಾಸ್ಟರ್ ಅಂಟಿಸಿದ್ದು ನೀನು ಅಂತ ನನಗೆ ಆವತ್ತೇ ಗೊತ್ತಿತ್ತು ಕಣೇ. ಕ್ಯಾಸೆಟ್ಟು ಹೊರಗೆ ತೆಗೆದಾಗಲೇ ನೋಡಿದೆ."

ಅತ್ತೆ ನಲ್ಲಿ ನಿಲ್ಲಿಸಿದರು. "ಗೊತ್ತಿದ್ದೂ ಅವನ ಮೇಲೆ ಹಾಕಿದ್ರಾ?"

"ಮೊದಲು ಬಾಯಿಗೆ ಬಂತು. ಎಲ್ಲರೂ ನಕ್ಕರು. ಆಮೇಲೆ ಕ್ಯಾಸೆಟ್ಟು ನೋಡಿದೆ. ಅಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು, ವಾಪಸ್ ತಗೊಳ್ಳೋಕೆ ಆಗಲಿಲ್ಲ."

"ಆವತ್ತು ಆಗಲಿಲ್ಲ, ಸರಿ. ಆಮೇಲೆ? ಪ್ರತಿ ಸಲ ಸೇರಿದಾಗಲೂ ನೀವೇ ತಾನೇ ಎತ್ತುತ್ತಿದ್ದದ್ದು?"

ಮಾವ ಸೊಸೆಯ ಕೈಯಿಂದ ಬಟ್ಟೆ ತೆಗೆದುಕೊಂಡು ತಾವೇ ಬಟ್ಟಲು ಒರೆಸತೊಡಗಿದರು.

ಮುಂದಿನ ವಾರ ಚಿಕ್ಕಮಾವ ಊರುಗೋಲು ಹಿಡಿದು, ಕಾಲಿಗೆ ಮಂಡಿಯವರೆಗೆ ಬಿಳಿ ಕಟ್ಟು ಹಾಕಿಸಿಕೊಂಡು ಬಂದರು. ಅಷ್ಟರಲ್ಲಿ ಮೇಜು ಖಾಲಿಯಾಗಿತ್ತು, ಎಲ್ಲರೂ ಅದರ ಸುತ್ತ ಕೂತು ಉಣ್ಣುವಂತಾಗಿತ್ತು. ಚಿನ್ನಿ ಕಟ್ಟಿನ ಮೇಲೆ ಬಣ್ಣದ ಮೀನು ಬರೆದಳು. ಅವರೇ ಅದಕ್ಕೆ ನೆರಳು ಹಾಕುವುದನ್ನು ಕಲಿಸಿದರು. ಅಣ್ಣ ರಿಮೋಟಿನ ಮಾತೆತ್ತಲಿಲ್ಲ. ತಮ್ಮನಿಗೆ ಅದೇ ಒಂದು ಆಶ್ಚರ್ಯ.

"ಅಣ್ಣನಿಗೆ ಮೈ ಹುಷಾರಿಲ್ವಾ ಅತ್ತಿಗೆ?" ಎಂದು ಕೇಳಿಯೇಬಿಟ್ಟರು.

ಒಂದು ಮಧ್ಯಾಹ್ನ ಊಟದ ನಡುವೆ ಮಾವ ನೀರಿನ ಲೋಟ ಪಕ್ಕಕ್ಕಿಟ್ಟರು. "ಲೋ, ಆ ಕ್ಯಾಸೆಟ್ಟು ಅಳಿಸಿದ್ದು ನೀನಲ್ಲ."

"ನಾನಲ್ಲ ಅಂತ ಮೊದಲಿಂದ ಹೇಳ್ತಾನೇ ಇದ್ದೀನಲ್ಲ."

"ನೀನಲ್ಲ ಅಂತ ನನಗೆ ಮೊದಲಿಂದ ಗೊತ್ತಿತ್ತು."

ಚಿಕ್ಕಮಾವ ಅಗಿಯುವುದನ್ನು ನಿಲ್ಲಿಸಿದರು. ಅಣ್ಣನನ್ನು ನೋಡಿದರು. ಅತ್ತಿಗೆಯನ್ನು ನೋಡಿದರು. ಅತ್ತೆ ತಲೆ ತಗ್ಗಿಸಿ, "ಬಟನ್ ಒತ್ತಿದ್ದು ನಾನಪ್ಪ," ಎಂದರು.

ಇಬ್ಬರೂ ನಗುತ್ತಾರೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ ಎಂದು ಸೊಸೆ ಅಂದುಕೊಂಡಿದ್ದಳು. ಹಾಗಾಗಲಿಲ್ಲ.

"ಅಂದ್ರೆ ಇಷ್ಟು ವರ್ಷ ನಾನು ಎಲ್ಲರ ಮನೇಲೂ ಕೋಡಂಗಿ ಹಾಗೆ ಕೂತಿದ್ದೆ, ನೀವಿಬ್ರೂ ಗೊತ್ತಿದ್ದೂ ನೋಡ್ತಿದ್ರಿ!" ಚಿಕ್ಕಮಾವ ತಟ್ಟೆ ಪಕ್ಕಕ್ಕೆ ತಳ್ಳಿದರು. "ಈ ಮಗೂ ಕೂಡ ನನ್ನ ಮ್ಯಾಚ್ ತಾತ ಅಂತಾಳೆ. ಸಭೆ ಎಲ್ಲ ಎದ್ದು ನಿಂತು ಚಪ್ಪಾಳೆ ತಟ್ತು, ಒಬ್ನೇ ಹಾಡಿದೆ ಅಂತ ನೀನು ಊರಿಗೆಲ್ಲ ಹೇಳ್ಕೊಂಡು ಬಂದೆಯಲ್ಲ ಅಣ್ಣ, ನಾನು ಒಂದು ದಿನ ಆದ್ರೂ ಬಾಯಿ ಬಿಟ್ನಾ? ನೀನು ನಿಂತಿದ್ದು ಹೇಗೆ ಅಂತ ಹೇಳಿದ್ನಾ?"

"ಇಲ್ಲ," ಎಂದರು ಮಾವ.

"ನನ್ನ ಚೀಲ ತನ್ನಿ. ನಾನು ಹೋಗ್ತೀನಿ."

ಯಾರೂ ಏಳದಿದ್ದಾಗ ತಾವೇ ಊರುಗೋಲು ಊರಿ ಎದ್ದು ಚೀಲ ತಂದುಕೊಂಡರು. ಬಾಗಿಲಿನವರೆಗೂ ಹೋದರು. ಹೊರಗೆ ಬೀದಿಗಿಳಿಯುವ ಮೆಟ್ಟಿಲುಗಳು. ಒಂದು ಕೈಯಲ್ಲಿ ಚೀಲ, ಎರಡು ಕಂಕುಳಲ್ಲಿ ಊರುಗೋಲು, ಇಳಿಯುವುದು ಹೇಗೆ? ಯಾರಾದರೂ ಹಿಡಿದುಕೊಳ್ಳಬೇಕು. ಯಾರನ್ನು ಕೇಳುವುದು? ಹಾಗೇ ಬಾಗಿಲಲ್ಲಿ ನಿಂತರು. ಗಂಡ ಎದ್ದು ಹೋಗಿ ಪಕ್ಕದಲ್ಲಿ ನಿಂತು, "ಚಿಕ್ಕಪ್ಪ, ಹೋಗ್ಲೇಬೇಕು ಅಂದ್ರೆ ನಾನೇ ಇಳಿಸಿ ಬಿಟ್ಟುಬರ್ತೀನಿ. ಆದ್ರೆ ನಿಮ್ಮ ಮನೆ ಮೆಟ್ಟಿಲು ಹತ್ತಿಸೋಕೆ ನನಗೊಬ್ಬನಿಗೆ ಆಗಲ್ಲ," ಎಂದ.

ಚಿಕ್ಕಮಾವ ತಿರುಗಿ ಚಿಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆಮೇಲಿನ ದಿನಗಳು ಕಷ್ಟದವು. ಚಿಕ್ಕಮಾವ ಕೋಣೆಯಲ್ಲೇ ಉಣ್ಣುತ್ತಿದ್ದರು. ಅತ್ತೆ ತಟ್ಟೆ ತಂದರೆ "ಇಡಿ" ಎನ್ನುತ್ತಿದ್ದರು, ಅಷ್ಟೇ. ಮಾವ ತಂದರೆ ಅದೂ ಇಲ್ಲ. ಆದರೂ ಮಾವ ಬೆಳಿಗ್ಗೆ ಬಿಸಿನೀರಿನ ಬಕೆಟ್ಟು ಹೊತ್ತು ತಂದು, ತಮ್ಮನ ಕಟ್ಟು ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲ ಸುತ್ತಿ, ಸ್ಟೂಲಿನ ಮೇಲೆ ಕೂರಿಸಿ ಸ್ನಾನ ಮಾಡಿಸುತ್ತಿದ್ದರು. ನೀರಿನ ಸದ್ದು ಮಾತ್ರ ಹೊರಗೆ ಕೇಳಿಸುತ್ತಿತ್ತು. ಕ್ಯಾಸೆಟ್ಟಿನ ವಿಷಯ ತಾನು ಕೆದಕದೇ ಇದ್ದಿದ್ದರೆ ಚೆನ್ನಾಗಿತ್ತೇನೋ ಎಂದು ಸೊಸೆಗೆ ಅಂಗಡಿಯಲ್ಲೂ ಅದೇ ಯೋಚನೆ. ಗಾಜೊಂದನ್ನು ಉಲ್ಟಾ ಕೂರಿಸಿ ಬೈಸಿಕೊಂಡಳು.

ಒಂದು ಬೆಳಿಗ್ಗೆ ನೀರಿನ ಸದ್ದಿನ ನಡುವೆ ಚಿಕ್ಕಮಾವನ ದನಿ ಕೇಳಿಸಿತು.

"ನನ್ನ ಹತ್ರ ಹೇಳಿದ್ರೆ ಸಾಲದು ಅಣ್ಣ. ಯಾರ ಮುಂದೆ ನನ್ನ ಹೆಸರು ಹೇಳಿ ನಗಿಸಿದ್ಯೋ ಅವರ ಮುಂದೆ ಹೇಳು."

"ಯಾರ ಮುಂದೆ? ಅಕ್ಕನ ಮುಂದೇನಾ?"

"ಅಕ್ಕನ ಮುಂದೆ. ಅವಳ ಮಕ್ಕಳ ಮುಂದೆ."

"ಅಕ್ಕ ನನ್ನ ಚರ್ಮ ಸುಲೀತಾಳೆ ಕಣೋ."

"ಸುಲೀಲಿ."

ಭಾನುವಾರ ಅಕ್ಕ ಬಂದರು. ಮಾವನಿಗಿಂತ ದೊಡ್ಡವರು, ಶಾಲೆಯಲ್ಲಿ ಹೆಡ್‌ಮಿಸ್ ಆಗಿದ್ದವರು. ಅವರ ಮಗ, ಮಗನ ಹೆಂಡತಿ, ಮೊಮ್ಮಕ್ಕಳು ಎಲ್ಲರೂ ಬಂದಿದ್ದರು. ಟೀ ಆಯಿತು, ಕೇಕು ಆಯಿತು. ಮಾವ ಎರಡು ಸಲ ಗಂಟಲು ಸರಿಮಾಡಿಕೊಂಡು ಎರಡು ಸಲವೂ ಬೇರೆ ಮಾತಾಡಿದರು. ಚಿಕ್ಕಮಾವ ಕಣ್ಣು ತೆಗೆಯದೆ ಅಣ್ಣನನ್ನೇ ನೋಡುತ್ತಿದ್ದರು. ಮೂರನೆಯ ಸಲ ಮಾವ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು: ಅಳಿಸಿದ್ದು ಇವಳು, ಗೊತ್ತಿದ್ದದ್ದು ತನಗೆ, ಸುಳ್ಳು ಹೇಳಿಕೊಂಡು ಬಂದದ್ದೂ ತಾನೇ.

ಅಕ್ಕ ಬಟ್ಟಲು ಕೆಳಗಿಟ್ಟರು. "ನಾಚಿಕೆ ಆಗಲ್ವೇನೋ ನಿನಗೆ? ತಮ್ಮ ಅಂದ್ರೆ ಅಷ್ಟು ಅಗ್ಗಾನಾ? ನಾವೂ ಬುದ್ಧಿ ಇಲ್ದೆ ನಕ್ಕೊಂಡು ಕೂತಿದ್ವಲ್ಲ!" ಎಂದು ಶುರು ಮಾಡಿದವರು ಕೇಕು ಒಣಗುವವರೆಗೂ ನಿಲ್ಲಿಸಲಿಲ್ಲ. ನಡುನಡುವೆ ಅತ್ತೆಗೂ ಪಾಲು ಸಿಕ್ಕಿತು. ಬೈಗುಳ ಉದ್ದವಾದಷ್ಟೂ ಚಿಕ್ಕಮಾವನ ಹುಬ್ಬಿನ ಗಂಟು ಸಡಿಲವಾಗುತ್ತಾ ಬಂತು. ಕೊನೆಗೆ ಅವರೇ, "ಸಾಕು ಬಿಡಕ್ಕ. ಇವನಿಗೆ ವಯಸ್ಸಾಯ್ತು," ಎಂದರು.

ಸೊಸೆ ಲ್ಯಾಪ್‌ಟಾಪು ತಂದಿಟ್ಟಳು. ಉಳಿದ ತುಣುಕನ್ನು ಎಲ್ಲರೂ ಒತ್ತೊತ್ತಾಗಿ ಕೂತು ನೋಡಿದರು. "ಚಪ್ಪಾಳೆ ನನಗಲ್ಲ, ಇವನಿಗೆ ತಟ್ಟಿ" ಎಂಬ ಮಾತು ಬಂದಾಗ ಅಕ್ಕ ನಿಜಕ್ಕೂ ಚಪ್ಪಾಳೆ ತಟ್ಟಿದರು.

"ಅದಕ್ಕೂ ಮುಂಚೆ ಏನಾಯ್ತು?" ಎಂದು ಕೇಳಿದಳು ಚಿನ್ನಿ. "ಮ್ಯಾಚು ಇರೋ ಕಡೆ ಮೊದಲು ಏನಿತ್ತು?"

ಅದನ್ನು ಕಣ್ಣಾರೆ ಕಂಡವರು ಆ ಕೋಣೆಯಲ್ಲಿ ಇಬ್ಬರೇ. ಅತ್ತೆ ಗಾಬರಿಯಿಂದ ಮೈದುನನ ಕಡೆ ನೋಡಿದರು. ಚಿಕ್ಕಮಾವ ಊರುಗೋಲಿನ ಹಿಡಿಯನ್ನು ಸವರುತ್ತಾ, "ನಿನ್ನ ತಾತ ಹಾಡ್ತಿದ್ರು ಪುಟ್ಟಾ. ಚೆನ್ನಾಗೇ ಹಾಡ್ತಿದ್ರು," ಎಂದರು.

"ಎಲ್ಲಿ ಹಾಡ್ತಿದ್ದೆ!" ಎಂದು ಮಾವ ಎದ್ದರು. "ತೋರಿಸ್ತೀನಿ ನೋಡು."

ಕುರ್ಚಿ ಸರಿಸಿ ಕೋಣೆಯ ನಡುವೆ ನಿಂತು, ಒಂದು ಸಾಲಿನ ರಾಗ ಎಳೆದು, ತಟಕ್ಕನೆ ನಿಲ್ಲಿಸಿ, ಬಾಯಿ ತೆರೆದು ಸೂರು ನೋಡತೊಡಗಿದರು. ಒಂದು ಕಣ್ಣು ಮಾತ್ರ ಪಿಳಿಪಿಳಿ ಆಡುತ್ತಿತ್ತು. ಮಕ್ಕಳು ಕಿಸಕ್ಕೆಂದರು.

"ಕೈ ಹಾಗಲ್ಲ ಅಣ್ಣ, ಹಿಂದೆ ಕಟ್ಕೊಂಡಿದ್ದೆ," ಎಂದರು ಚಿಕ್ಕಮಾವ.

ಮಾವ ಕೈ ಹಿಂದೆ ಕಟ್ಟಿಕೊಂಡರು.

"ಮಂಡಿ ನಡುಗ್ತಿತ್ತು."

ಮಂಡಿ ನಡುಗಿಸಿದರು.

"ಇಷ್ಟೇ ಅಲ್ಲ. ಪ್ಯಾಂಟು ಬಾವುಟದ ಹಾಗೆ ಪಟಪಟ ಅಂತಿತ್ತು!"

ಅಕ್ಕ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಗಂಡ ಗೋಡೆಗೆ ಒರಗಿ ನಕ್ಕ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಮೊದಲು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಮಾವನ ಮುಖವನ್ನೇ ನೋಡುತ್ತಿದ್ದ ಅವರ ಭುಜ ಮೆಲ್ಲಗೆ ಕುಲುಕತೊಡಗಿತು. ಆಮೇಲೆ ಕೈ ತೆಗೆದುಬಿಟ್ಟು, ಸೊಸೆ ಆ ಮನೆಯಲ್ಲಿ ಎಂದೂ ಕೇಳಿರದಷ್ಟು ಜೋರಾಗಿ ನಕ್ಕರು.